ಬಸರಗಟ್ಟಿಗೆ ಹೋದ ಮೂರು ಸಿಡಿಗಳು

ಕಾಮಾಕ್ಷಿಪಾಳ್ಯ, ಬೆಂಗಳೂರು
೪ ಫೆಬ್ರವರಿ ೨೦೦೭

ಪ್ರೀತಿಯ ಶೈಲಕ್ಕನಿಗೆ ತಂಗಿ ಚೇತನಾ ಮಾಡುವ ನಮಸ್ಕಾರ.

ನಿನ್ನ ಫೋನು ಅರ್ಧಕ್ಕೇ ಕಡಿಯಿತು. ಕೇಳಿಸಿದಷ್ಟರಲ್ಲಿ ತಿಳಿದದ್ದಿಷ್ಟು: ನಿಮ್ಮ ಬಸರಗಟ್ಟಿಯ ಹಾಲಿನ ಸಂಘಕ್ಕೆ ಕಂಪ್ಯೂಟರ್ ಬಂದಿದೆ. ನಡೆಸುವವರು ಬೇಕು. ಬಸವ ಜಯಂತಿ ಕಳೆದ ಸೋಮವಾರ ಪರೀಕ್ಷೆ ಇಟ್ಟಿದ್ದಾರೆ. ಆ ಕುರ್ಚಿ ನಿನಗೆ ಬೇಕು. ಆದರೆ ಸವದತ್ತಿಗೆ ಹೋಗಿ ಕಲಿಯಲು ನಿನ್ನ ಅತ್ತೆ ಗುರವ್ವ ಬಿಡುತ್ತಿಲ್ಲ. ಸರಿ ತಾನೆ?

ನೀನು ಕ್ಲಾಸಿಗೆ ಹೋಗಲಾಗದಿದ್ದರೆ ಕ್ಲಾಸೇ ನಿನ್ನ ಮನೆಗೆ ಬರಲಿ. ಇದರ ಜೊತೆ ಒಂದು ಸಿಡಿ ಇದೆ. ನಿಮ್ಮ ಟಿವಿಯ ಕೆಳಗೆ ಮದುವೆಯಲ್ಲಿ ಬಂದ ಸಿಡಿ ಪ್ಲೇಯರ್ ಇದೆಯಲ್ಲ, ಅದರಲ್ಲಿ ಹಾಕು.

ವಿಜಯನಗರದಲ್ಲಿ ನಾನು ಕೆಲಸ ಮಾಡುವ ಕಂಪ್ಯೂಟರ್ ಸೆಂಟರಿಗೆ ಹೊಸದೊಂದು ಸಾಫ್ಟ್‌ವೇರ್ ಬಂದಿದೆ. ಅದಕ್ಕೆ ಕ್ಯಾಮೆರಾ ಬೇಡ, ಲೈಟು ಬೇಡ. ಕೆಂಪು ಗುಂಡಿ ಒತ್ತಿದರೆ ಸಾಕು, ಕಂಪ್ಯೂಟರಿನ ಪರದೆಯ ಮೇಲೆ ಏನೇನು ನಡೆಯುತ್ತದೋ ಅಷ್ಟನ್ನೂ ಸಿನಿಮಾದ ಹಾಗೆ ಹಿಡಿದುಕೊಳ್ಳುತ್ತದೆ. ಮೈಕಿನಲ್ಲಿ ಆಡಿದ ಮಾತೂ ಜೊತೆಗೆ ಸೇರುತ್ತದೆ. ಸಂಜೆಯ ಬ್ಯಾಚಿಗೆ ಮೊದಲು ಲ್ಯಾಬು ಖಾಲಿ ಇರುತ್ತದೆ. ಆಗ ಕೂತು ಮಾಡಿದೆ.

ಮಾಡಿದೆ ಅಂದೆನಲ್ಲ, ಅದು ಸುಲಭಕ್ಕೆ ಆಗಲಿಲ್ಲ. ಮೈಕಿನ ಮುಂದೆ ಬಾಯೇ ಬರಲಿಲ್ಲ ಅಕ್ಕಾ. ಅವ್ವ ಕತೆ ಹೇಳುವಾಗ ನಾವು ಹ್ಞೂಂ ಅನ್ನುವುದು ಮರೆತು ತೂಕಡಿಸಿದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳಲ್ಲ, ಹಾಗಾಯಿತು. ಹ್ಞೂಂ ಅನ್ನುವವರಿಲ್ಲದೆ ಮಾತು ಹೇಗೆ ಮುಂದೆ ಹೋಗುತ್ತದೆ? ಖಾಲಿ ಕುರ್ಚಿಗಳ ಮುಂದೆ ಕೂತು ಬೆವರಿದೆ. ಕೊನೆಗೆ ಪಾಠ ಅನ್ನುವುದನ್ನೇ ಬಿಟ್ಟು ಕತೆಯನ್ನೇ ಶುರು ಮಾಡಿದೆ. "ಒಂದ್ ಊರಾಗ ಒಂದ್ ಬಾಣ ಇತ್ತು. ಅದಕ್ಕ ಕಾಲಿಲ್ಲ, ಕೈಯಿಲ್ಲ, ನೀ ಎತ್ತ ಸರಸಿದ್ರ ಅತ್ತ ಹೋಗೂದು..." ಪರದೆಯ ಮೇಲೆ ಮೌಸಿನ ಜೊತೆ ಓಡಾಡುವ ಗುರುತೇ ಈ ಬಾಣ. ನಡುನಡುವೆ ಸ್ವಲ್ಪ ಜಾಗ ಬಿಟ್ಟಿದ್ದೇನೆ. ಅಲ್ಲಿ ನೀನು ಹ್ಞೂಂ ಅನ್ನು. ನನಗೆ ಕೇಳಿಸದಿದ್ದರೂ ಅನ್ನು.

ಸೆಂಟರಿನ ಮಾಲೀಕರು ಕಾಂತರಾಜು ಸಾರ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಏನಮ್ಮಾ ಇದು, ಕಂಪ್ಯೂಟರ್ ಪಾಠನೋ ಹರಿಕತೆನೋ? ಮಂಗಳಾರತಿ ತಟ್ಟೆ ಯಾವಾಗ ಬರುತ್ತೆ?" ಅಂದರು. ನಕ್ಕುಬಿಟ್ಟೆ.

ಕೀಬೋರ್ಡಿನ ಚಿತ್ರ ಬರೆದು ಇಟ್ಟಿದ್ದೇನೆ. ಮೊದಲ ಪಾಠದಲ್ಲಿ ಕನ್ನಡದಲ್ಲಿ 'ಅಕ್ಕ' ಅಂತ ಟೈಪ್ ಮಾಡುವುದರವರೆಗೆ ಇದೆ. ನಿನ್ನ ಯಜಮಾನರು ಬಾಳೇಶ ಮಾಮಾಗೆ ನಮಸ್ಕಾರ ಹೇಳು.

ನಿನ್ನ ಚೇತನಾ


ಬಸರಗಟ್ಟಿ, ತಾ. ಸವದತ್ತಿ
೧೯ ಫೆಬ್ರವರಿ ೨೦೦೭

ತಂಗಿ ಚೇತನಾಗೆ ಅಕ್ಕನ ಆಶೀರ್ವಾದ.

ಸಿಡಿ ಬಂತು. ಊದುಬತ್ತಿ ಬೆಳಗಿ ಹಾಕಿದೆ. ನಗಬೇಡ.

ನಿನ್ನ ದನಿ ಟಿವಿಯೊಳಗಿಂದ ಬಂದಾಗ ಮೊದಲು ಅಳುವೇ ಬಂತು. ಆಮೇಲೆ ಪಾಠ ಕೇಳಿದೆ. ಪರದೆಯ ಮೇಲಿನ ಅಕ್ಷರಗಳು ನಮ್ಮ ಟಿವಿಯಲ್ಲಿ ಹಿಟ್ಟು ಚೆಲ್ಲಿದ ಹಾಗೆ ಮಸುಕಾಗಿ ಕಾಣುತ್ತವೆ. ನಿನ್ನ ಬಾಣವಂತೂ ಇರುವೆಗಿಂತ ಸಣ್ಣದು. ಇನ್ನೊಮ್ಮೆ ಮಾಡುವಾಗ ದೊಡ್ಡದು ಮಾಡು.

ನೀನು ಕಳಿಸಿದ ಕೀಬೋರ್ಡನ್ನು ಊಟದ ಮಣೆಯ ಮೇಲೆ ಸೀಮೆಸುಣ್ಣದಿಂದ ಬರೆದುಕೊಂಡಿದ್ದೇನೆ. ಮೌಸಿಗೆ ಅರಿವೆ ಒಗೆಯುವ ಸಾಬೂನಿನ ಬಾರು. ಹೇಳಿದಂತೆ ಸರಿಸುತ್ತೇನೆ, ಒತ್ತುತ್ತೇನೆ. ಸಂಘದ ಅಧ್ಯಕ್ಷರಾದ ಮಡಿವಾಳಪ್ಪಣ್ಣನನ್ನು ದಾರಿಯಲ್ಲಿ ಕಂಡು ಕೇಳಿದೆ, "ಹೆಣ್ಣಮಕ್ಕಳು ಬಂದ್ರ ನಡೀತೈತೇನ್ರೀ?" ಅಂತ. "ಯಂತ್ರಕ್ಕೇನ್ ಗೊತ್ತಾಕ್ಕೈತವಾ ಕೈಯಾಗ ಬಳಿ ಅದಾವೋ ಇಲ್ಲೋ. ನಡಿಸಿದ್ರ ಸಾಕು" ಅಂದರು. ಸವದತ್ತಿಯಲ್ಲಿ ಕಲಿತ ಹುಡುಗನೊಬ್ಬ ಬರುತ್ತಾನಂತೆ. ಸಂಘದ ಡೈರೆಕ್ಟರೊಬ್ಬರ ಅಳಿಯ. ಬರಲಿ.

ಅತ್ತೆಯ ಸಂಗತಿ ಹೇಳಬೇಕು. ಅವರಿಗೆ ಕಣ್ಣು ಪೂರ್ತಿ ಮಂಜಾಗಿದೆ. ಹೊರಸಿನ ಮೇಲೆ ಕೂತೇ ಇರುತ್ತಾರೆ. ನಾನು ಸಿಡಿ ಹಾಕಿದ ದಿನ, "ಡೇರ್ಯಾಗ ಗಂಡಸರ ನಡುವ ಕುಂತು ಏನ್ ಮಾಡಾಕಿ ನೀ? ಮನ್ಯಾಗ ಎಮ್ಮಿಗೆ ಹುಲ್ಲ ಹಾಕಾವ್ರ ಯಾರು?" ಎಂದು ಬೈಯುತ್ತಲೇ ಇದ್ದರು. ನೀನು "ಒಂದ್ ಊರಾಗ ಒಂದ್ ಬಾಣ ಇತ್ತು" ಅಂದು ಸುಮ್ಮನಾದೆಯಲ್ಲ, ಆ ಜಾಗದಲ್ಲಿ ಹೊರಸಿನಿಂದ "ಹ್ಞೂಂ" ಅಂತ ಬಂತು. ಬೈಗುಳದ ನಡುವೆ ತಾವೇ ತಿಳಿಯದೆ ಅಂದುಬಿಟ್ಟಿದ್ದರು. ಆಮೇಲೆ ಬೈಯುವುದನ್ನು ಬಿಟ್ಟು ಕೇಳಿದರು. ಸಿಡಿ ಮುಗಿದಾಗ, "ಮುಂದ? ಬಾಣ ಎಲ್ಲಿ ಹೋತು?" ಎಂದು ನನ್ನನ್ನೇ ಕೇಳಿದರು.

ಈಗ ಹಾಲು ಹಿಂಡಿ ಬಂದ ಕೂಡಲೇ, "ಹಚ್ಚು ನಿನ್ನ ತಂಗಿ ಕತಿ" ಅನ್ನುತ್ತಾರೆ. ಆದರೆ ಪರೀಕ್ಷೆಗೆ ಹೋಗಲು ಇನ್ನೂ ಹ್ಞೂಂ ಅಂದಿಲ್ಲ.

ಬೇಗ ಎರಡನೆಯದು ಕಳಿಸು.

ನಿನ್ನ ಅಕ್ಕ
ಶೈಲಾ


ಬೆಂಗಳೂರು
೧೦ ಮಾರ್ಚ್ ೨೦೦೭

ಪ್ರೀತಿಯ ಅಕ್ಕಾ,

ಎರಡನೆಯ ಸಿಡಿ ಕಳಿಸಿದ್ದೇನೆ. ತಡವಾಯಿತು, ಕೆಲಸ ಹೆಚ್ಚಿತ್ತು. ಇಲ್ಲಿ ಎಲ್ಲ ಚೆನ್ನಾಗಿದೆ.

ನೀನು ಹೇಳಿದಂತೆ ಅಕ್ಷರ ದೊಡ್ಡದು ಮಾಡಿದ್ದೇನೆ. ಬಾಣದ ಸುತ್ತ ಹಳದಿ ಚುಕ್ಕೆ ಹಾಕಿದ್ದೇನೆ, ಈಗ ಕಾಣದೆ ಎಲ್ಲಿಗೆ ಹೋಗುತ್ತದೆ! ಈ ಪಾಠದಲ್ಲಿ ಹೆಸರುಗಳ ಪಟ್ಟಿ ಮಾಡುವುದು, ಅದನ್ನು ಸೇವ್ ಮಾಡಿ ಇಡುವುದು, ಪ್ರಿಂಟ್ ತೆಗೆಯುವುದು ಇವೆ. ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಾರೆ.

ಈ ಸಲ ಮಾತಾಡಿಲ್ಲ. ಯೋಚಿಸಿ ನೋಡಿದರೆ ಮಾತು ಬೇಕಾಗಿಯೇ ಇಲ್ಲ. ಚಿತ್ರವೇ ಎಲ್ಲ ತೋರಿಸುತ್ತದೆ. ನಾನು ಮಾಡಿದಂತೆ ಮಾಡುತ್ತಾ ಹೋಗು, ಅಷ್ಟೇ.

ನಿನ್ನ
ಚೇತನಾ


ಬಸರಗಟ್ಟಿ
೨೨ ಮಾರ್ಚ್ ೨೦೦೭

ತಂಗಿ ಚೇತನಾಗೆ,

ಯುಗಾದಿ ಆಯಿತು. ಬೇವು ಬೆಲ್ಲ ತಿಂದೆಯಾ?

ಸಿಡಿ ಬಂದಿದೆ. ಚೆನ್ನಾಗಿದೆ. ಆದರೆ ಮಾತು ಇಲ್ಲದ್ದು ಯಾಕೋ ಸರಿ ಬರಲಿಲ್ಲ. ಬಾಣ ಎಲ್ಲಿತ್ತು, ಎಲ್ಲಿ ಹೋಯಿತು, ಏನನ್ನು ಒತ್ತಿದೆ, ಒತ್ತಿದ ಮೇಲೆ ಏನು ಬಂತು, ಎಲ್ಲವನ್ನೂ ಬಾಯಿಂದ ಹೇಳಿ ಇನ್ನೊಂದು ಮಾಡಿಕೊಡಲು ಆಗುತ್ತದೆಯೇ? ನಿನಗೆ ತೊಂದರೆ ಎಂದು ಗೊತ್ತು. ಆದರೂ ಕೇಳುತ್ತಿದ್ದೇನೆ.

ಅತ್ತೆ ಬಹಳ ಹೊತ್ತು ಕೇಳಿದರು. ಆಮೇಲೆ, "ಆ ಹುಡಿಗಿ ಸಿಟ್ಟಾಗ್ಯಾಳೇನ?" ಎಂದು ಕೇಳಿದರು. ಇನ್ನೂ ಒಂದು ಮಾತು ಅಂದರು: "ಮದ್ಲಿನದ್ರಾಗ ಬಸ್ಸಿನ ಸಪ್ಪಳ ಇತ್ತು. ಇದ್ರಾಗ ಕಬ್ಬಿಣ ಕೊರಿಯೋ ಸಪ್ಪಳ ಐತಿ. ನಿನ್ನ ತಂಗಿ ಜಾಗಾ ಬದಲಿ ಮಾಡ್ಯಾಳ. ನಿನಗ ಹೇಳಿಲ್ಲ."

ಹೌದೇನು ಚೇತನಾ?

ನಿನ್ನ ಅಕ್ಕ


ಕಾಮಾಕ್ಷಿಪಾಳ್ಯ
೩೦ ಮಾರ್ಚ್ ೨೦೦೭

ಅಕ್ಕಾ,

ಹೌದು, ಜಾಗ ಬದಲಾಗಿದೆ. ನಿನ್ನ ಅತ್ತೆಯ ಕಿವಿಗೆ ಶರಣು.

ಹೇಳಬಾರದೆಂದಿದ್ದೆ. ಈಗ ಹೇಳುತ್ತೇನೆ. ಈ ರೆಕಾರ್ಡಿಂಗಿನ ಫೈಲುಗಳು ಬಕಾಸುರನಂಥವು. ಸ್ವಲ್ಪ ಹೊತ್ತಿನ ಪಾಠವೇ ಡಿಸ್ಕಿನ ಅರ್ಧ ಜಾಗ ನುಂಗಿ ಕೂರುತ್ತದೆ. ತಪ್ಪಾದದ್ದನ್ನೂ ನಾನು ಅಳಿಸದೆ ಇಟ್ಟುಕೊಂಡಿದ್ದೆ. ಒಂದು ದಿನ ಲೆಕ್ಕದ ಬ್ಯಾಚಿನವರ ಪರೀಕ್ಷೆ ನಡೆಯುವಾಗ ಯಾರ ಕೆಲಸವೂ ಸೇವ್ ಆಗಲಿಲ್ಲ. ಮಕ್ಕಳೆಲ್ಲ ಗಲಾಟೆ. ಕಾಂತರಾಜು ಸಾರ್ ಬಂದು ನೋಡಿದರು. "ಏನಮ್ಮಾ ಇದು, ಡಿಸ್ಕ್ ತುಂಬಾ ನಿನ್ನ ಹರಿಕತೆನೇ ತುಂಬ್ಕೊಂಡಿದೆಯಲ್ಲಾ! ಹುಡುಗ್ರು ಎಲ್ಲಿ ಸೇವ್ ಮಾಡ್ಬೇಕು, ನನ್ನ ತಲೆ ಮೇಲಾ? ನಾಳೆಯಿಂದ ಬರ್ಬೇಡ ಹೋಗು" ಅಂದರು. ಎಲ್ಲ ಫೈಲನ್ನೂ ಅಲ್ಲೇ ಅಳಿಸಿದರು. ಮೊದಲ ಪಾಠ ಈಗ ಈ ಲೋಕದಲ್ಲಿರುವುದು ನಿನ್ನ ಸಿಡಿಯಲ್ಲಿ ಮಾತ್ರ.

ಈಗ ಮನೆಯ ಹತ್ತಿರವೇ ಅಂಜಿನಯ್ಯ ಅನ್ನುವವರ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತೇನೆ. ಪಕ್ಕದ ಶೆಡ್ಡಿನಲ್ಲಿ ಲೇಥ್ ಮೆಷಿನ್ನು. ದಿನವಿಡೀ ಕಿರ್ ಅನ್ನುತ್ತದೆ. ಅದು ನಿಲ್ಲುವುದು ಮಧ್ಯಾಹ್ನದ ಊಟದ ಹೊತ್ತಿಗೆ ಮಾತ್ರ. ಆಗ ಅಂಗಡಿಗೆ ಗಿರಾಕಿಗಳು. ಆ ಸಾಫ್ಟ್‌ವೇರಿನ ಪ್ರತಿ ನನ್ನ ಬಳಿ ಇತ್ತು, ಇಲ್ಲೂ ಹಾಕಿಕೊಂಡೆ. ಮೊದಲ ದಿನ ನಾನು ಮೈಕ್ ಹಿಡಿದು "ಒಂದ್ ಊರಾಗ" ಅಂದ ಕೂಡಲೇ ಕಾರ್ಡ್ ಒಯ್ಯಲು ಬಂದವನೊಬ್ಬ, "ಇದ್ಯಾವ್ ದೇಶದ ಕನ್ನಡ ಗುರು?" ಅಂದ. ಎಲ್ಲ ನಕ್ಕರು. ಬಾಯಿ ಮುಚ್ಚಿಕೊಂಡೆ. ಲೇಥ್ ನಡೆಯುವಾಗಲೇ ಕೂತು ಮಾತಿಲ್ಲದ್ದನ್ನು ಮಾಡಿದೆ. ಮೈಕ್ ಕಿತ್ತಿಡುವುದು ಮರೆತಿತ್ತು, ಅದಕ್ಕೇ ಆ ಸದ್ದು.

ಇಷ್ಟು ಮಾಡಿ ಕಳಿಸಿದ್ದಕ್ಕೆ ನೀನು, 'ಬಾಣ ಎಲ್ಲಿ ಹೋಯಿತು ಹೇಳು' ಅಂತ ಬರೆಯುತ್ತೀಯಲ್ಲ ಅಕ್ಕಾ! ಹಳದಿ ಚುಕ್ಕೆ ಹಾಕಿದ್ದೆ. ಎಮ್ಮೆಯ ಕಣ್ಣಿಗೂ ಕಾಣುವಷ್ಟು ದೊಡ್ಡದು. ಪರದೆಯ ಮೇಲೆ ಎಲ್ಲ ಇದೆ. ನೀನು ಕಣ್ಣಿಟ್ಟು ನೋಡಿಯೇ ಇಲ್ಲ. ಹಾಲು, ಸಗಣಿ, ಅತ್ತೆ ಅಂತ ನಡುನಡುವೆ ಎದ್ದು ಹೋಗುತ್ತಿದ್ದೀಯ. ಆ ಕೆಲಸ ನಿಜವಾಗಿಯೂ ನಿನಗೆ ಬೇಕೋ ಬೇಡವೋ, ಮೊದಲು ಅದನ್ನು ಹೇಳು.

ಚೇತನಾ


ಬಸರಗಟ್ಟಿ
೫ ಏಪ್ರಿಲ್ ೨೦೦೭

ಚೇತನಾ,

ಟಿವಿಯಲ್ಲಿ ಚಿತ್ರ ಬರುವುದಿಲ್ಲ.

ಫೆಬ್ರವರಿ ಕೊನೆಯಲ್ಲಿ ಒಂದು ದಿನ ಕರೆಂಟು ಒಮ್ಮೆಲೇ ಏರಿ ಬಂತು. ಗೌಡರ ಓಣಿಯಲ್ಲಿ ಬಲ್ಬುಗಳೆಲ್ಲ ಒಡೆದವು. ನಮ್ಮ ಟಿವಿಯಲ್ಲಿ ಟಪ್ ಅಂದಿತು. ಅಂದಿನಿಂದ ಪರದೆ ಕಪ್ಪು, ಸದ್ದು ಮಾತ್ರ ಬರುತ್ತದೆ. ನಿನ್ನ ಮಾಮಾ ಸವದತ್ತಿಗೆ ಒಯ್ದು ತೋರಿಸಿದರು. ಟ್ಯೂಬು ಹೋಗಿದೆಯಂತೆ. ನಿನಗೆ ಹೇಳಿದರೆ ಪಾಠ ಮಾಡುವುದನ್ನೇ ಬಿಟ್ಟುಬಿಡುತ್ತೀ ಎಂದು ಹೇಳಲಿಲ್ಲ. ನಿನ್ನ ಹಳದಿ ಚುಕ್ಕೆಯನ್ನು ನಾನು ನೋಡಿಯೇ ಇಲ್ಲ ತಂಗೀ. ಅದು ಕೊರ್ ಕೊರ್ ಎಂದು ಸದ್ದು ಮಾಡುವ ಕತ್ತಲೆ ನನಗೆ.

ನೀನು ಕೆಲಸ ಕಳೆದುಕೊಂಡದ್ದನ್ನು ಓದಿ ಎರಡು ದಿನ ಪೆನ್ನು ಹಿಡಿಯಲಾಗಲಿಲ್ಲ. ನೀನೂ ಮುಚ್ಚಿಟ್ಟೆ, ನಾನೂ ಮುಚ್ಚಿಟ್ಟೆ. ಅದು ಸಮ ಆಯಿತು, ಬಿಡು. ಕೆಲಸ ಬೇಕೋ ಬೇಡವೋ ಎಂದು ಕೇಳಿದ್ದೀಯಲ್ಲ, ಅದಕ್ಕೆ ಉತ್ತರ ಕೊಡುತ್ತೇನೆ.

ಮೊದಲ ಪಾಠ ನನಗೆ ಪೂರ್ತಿ ಬಂದಿದೆ. ಚಿತ್ರ ಹೋದ ಮೇಲೂ ಬಂತು. ಯಾಕೆಂದರೆ ಅತ್ತೆಗೆ ಅದು ಬಾಯಿಪಾಠವಾಗಿದೆ. ಅವರು ಒಮ್ಮೆ ಕೇಳಿದ ಹಾಡು ಬಿಟ್ಟವರಲ್ಲ. ನಿನ್ನ ಪಾಠವನ್ನು ನಿನ್ನ ಉಸಿರಿನ ಸಮೇತ ಹಿಡಿದುಕೊಂಡಿದ್ದಾರೆ. ಕರೆಂಟು ಇಲ್ಲದಾಗ ನಾನು ಮಣೆ, ಸಾಬೂನು ಇಟ್ಟುಕೊಂಡು ಕೂಡುತ್ತೇನೆ, ಅವರು ಹೇಳುತ್ತಾರೆ. "ತಡಿ, ಮೊದ್ಲ ಫ್ಯಾನ್ ಆರಸು" ಎಂದು ಶುರು ಮಾಡುತ್ತಾರೆ. ಅದೊಂದನ್ನು ಎಂದೂ ಮರೆತಿಲ್ಲ. "ಹಂ, ಈಗ ಎ ಒತ್ತು. ಅ ಬಂತಾ? ಕೆ ಒತ್ತು, ಎಫ್ ಒತ್ತು, ಮತ್ತೊಂದ್ ಕೆ ಒತ್ತು. ಯಾರ್ ಬಂದ್ರು? ಅಕ್ಕ ಬಂದ್ಳು." ನಡುವೆ ಒಮ್ಮೆ ಕೆಮ್ಮುತ್ತಾರೆ. ನೀನು ಅಲ್ಲಿ ಕೆಮ್ಮಿದ್ದೆ.

ಮೊನ್ನೆ ಮಡಿವಾಳಪ್ಪಣ್ಣ ಮನೆಗೆ ಬಂದು, "ಗುರವ್ವಕ್ಕ, ಸೊಸೀನ ಕಳಸ್ತೀಯೋ ಇಲ್ಲೋ? ಹೆಸರು ಬರ್ಕೋಬೇಕು" ಅಂದರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಟ್ಟೆ. ಅತ್ತೆ ಅಂದರು, "ಬರ್ಕೋ. ಆದ್ರ ಆ ಹುಡಿಗಿ ಕತಿ ಅರ್ಧಾ ಹೇಳಿ ಸುಮ್ಕಾಗ್ಯಾಳ. ಪೂರಾ ಹೇಳ್ಲಿ, ಆಮ್ಯಾಗ ನೋಡ ನನ್ನ ಸೊಸೀನ."

ಆದ್ದರಿಂದ ನನಗೆ ಚಿತ್ರ ಬೇಡ. ಬಾಯಿಂದ ಹೇಳು. ಬೆಂಗಳೂರಿನವರು ನಗಲಿ, ಅವರಿಗೆ ಪರೀಕ್ಷೆ ಇಲ್ಲ. ನನಗಿದೆ. ನೀನು ಕಳಿಸದಿದ್ದರೂ ನಾನು ಹೋಗಿ 'ಅಕ್ಕ' ಎಂದಷ್ಟೇ ಬರೆದು ಬರುತ್ತೇನೆ. ಹೋಗುವುದಂತೂ ಖರೆ.

ಶೈಲಾ


ಕಾಮಾಕ್ಷಿಪಾಳ್ಯ
೧೨ ಏಪ್ರಿಲ್ ೨೦೦೭

ನನ್ನ ಅಕ್ಕಾ,

ಆ ಪತ್ರದಲ್ಲಿ ಎಮ್ಮೆಯ ಕಣ್ಣು ಅಂತೆಲ್ಲ ಬರೆದೆನಲ್ಲ, ಅದನ್ನು ಹರಿದು ಒಲೆಗೆ ಹಾಕು.

ಮೂರನೆಯ ಸಿಡಿ ಇದೆ. ಇದನ್ನು ಕಣ್ಣು ಮುಚ್ಚಿಕೊಂಡು ಮಾಡಿದೆ. ನಿಜವಾಗಿಯೂ ಮುಚ್ಚಿದ್ದೆ. ಕಣ್ಣು ಮುಚ್ಚಿದ ಮೇಲೆ ನನಗೂ ಬಾಣ ಸಿಗಲಿಲ್ಲ! ಆಗ ಹೊಳೆಯಿತು, ನಿನಗೆ ಬಾಣವನ್ನು ಕಲಿಸುವುದೇ ತಪ್ಪು. ಈ ಪಾಠದಲ್ಲಿ ಬಾಣ ಊರು ಬಿಟ್ಟು ಹೋಗುತ್ತದೆ. ಉಳಿಯುವುದು ನಿನ್ನ ಹತ್ತು ಬೆರಳು. ಹೊಸ ಹಾಳೆ ಬೇಕೆಂದರೆ ಮೂಲೆಯ ಕಂಟ್ರೋಲ್ ಹಿಡಿದು ಎನ್. ಸೇವ್ ಮಾಡಲು ಕಂಟ್ರೋಲ್ ಹಿಡಿದು ಎಸ್. ಪ್ರಿಂಟಿಗೆ ಕಂಟ್ರೋಲ್ ಹಿಡಿದು ಪಿ. ತಪ್ಪಾದರೆ ಕಂಟ್ರೋಲ್ ಹಿಡಿದು ಝಡ್, ಯಂತ್ರ ಒಂದು ಹೆಜ್ಜೆ ಹಿಂದೆ ಬರುತ್ತದೆ. ಮಣೆಯ ಮೇಲೆ ಇವೆಲ್ಲ ಇವೆ. ಕಾಣದಿದ್ದರೂ ಸಿಗುತ್ತವೆ.

ಊಟದ ಹೊತ್ತಿಗೆ ಲೇಥ್ ನಿಂತ ಕೂಡಲೇ ಅಂಜಿನಯ್ಯಣ್ಣನಿಗೆ ನಿನ್ನ ಪತ್ರ ಓದಿ ಹೇಳಿದೆ. ಅವರು ಮುದ್ದೆ ಮುರಿಯುತ್ತಾ ಕೂತಿದ್ದವರು ಎದ್ದು ಶಟರ್ ಅರ್ಧ ಎಳೆದರು. "ಹೇಳು ತಾಯಿ, ಯಾವನ್ ನಗ್ತಾನೋ ನೋಡ್ತೀನಿ. ನಂಗೂ ಈ ಕಂಟ್ರೋಲ್ ಗಿಂಟ್ರೋಲ್ ಬರಲ್ಲ, ನಾನೂ ಕಲ್ತ್ಕೊತೀನಿ. ಹೂಂ ಅನ್ಬೇಕು ತಾನೆ? ಹೂಂ ಅಂತೀನಿ" ಅಂದರು. ಸಿಡಿಯಲ್ಲಿ ಗಂಡು ದನಿಯ ಹೂಂ ಕೇಳಿದರೆ ಅತ್ತೆಗೆ ಹೇಳು, ಅದು ಅಂಜಿನಯ್ಯಣ್ಣ, ಬಾಯಲ್ಲಿ ಮುದ್ದೆ ಇತ್ತು.

ನಾನು ನಮ್ಮೂರ ಮಾತಿನಲ್ಲೇ ಹೇಳಿದ್ದೇನೆ. ಶಟರಿನ ಹೊರಗೆ ಗಾರ್ಮೆಂಟ್ಸಿನ ಹುಡುಗಿಯರು ನಿಂತು ಕೇಳುತ್ತಿದ್ದರಂತೆ. ಆಮೇಲೆ ಒಬ್ಬಳು ಒಳಗೆ ಬಂದು, "ಅಕ್ಕಾರ, ನೀವು ಯಾವ ಊರಿನವ್ರರೀ?" ಅಂದಳು. ಗೋಕಾಕಿನವಳು. ಅವಳಿಗೂ ಕಲಿಯಬೇಕಂತೆ. ಅವಳಿಗೆ ಆಮೇಲೆ. ಮೊದಲು ನೀನು.

ನಿನ್ನ
ಚೇತನಾ


(ಕಾರ್ಡು)
ಕಾಮಾಕ್ಷಿಪಾಳ್ಯ
೧೯ ಏಪ್ರಿಲ್ ೨೦೦೭

ಅಕ್ಕಾ, ಅವಸರದ ಕಾರ್ಡು. ನಿನ್ನ ಪತ್ರವನ್ನು ಇವತ್ತು ಮತ್ತೆ ಓದಿದೆ. ಫ್ಯಾನ್ ಆರಿಸುವುದು ಪಾಠವಲ್ಲ! ಫ್ಯಾನಿನ ಸದ್ದು ಮೈಕಿಗೆ ಬರುತ್ತದೆ ಎಂದು ನಾನು ನನಗೇ ಹೇಳಿಕೊಂಡು ಎದ್ದು ಆರಿಸಿದ್ದೆ. ಮೂರನೆಯ ಸಿಡಿಯಲ್ಲೂ ಹಾಗೇ ಅಂದಿದ್ದೇನೆ. ಕಂಪ್ಯೂಟರಿಗೂ ಫ್ಯಾನಿಗೂ ಸಂಬಂಧವಿಲ್ಲ. ಪರೀಕ್ಷೆಯಲ್ಲಿ ಆರಿಸಬೇಡ. ಚೇತನಾ


ಬಸರಗಟ್ಟಿ
೨೩ ಏಪ್ರಿಲ್ ೨೦೦೭, ಸೋಮವಾರ ಸಂಜೆ

ತಂಗಿ ಚೇತನಾಗೆ,

ಪರೀಕ್ಷೆ ಮುಗಿಸಿ ಬಂದು ಎಮ್ಮೆಗೆ ನೀರು ಕುಡಿಸಿ ನೇರವಾಗಿ ಬರೆಯಲು ಕೂತಿದ್ದೇನೆ. ಮೊದಲಿನಿಂದ ಹೇಳುತ್ತೇನೆ, ನೀನು ಹ್ಞೂಂ ಅನ್ನು.

ಸಂಘದ ಕಂಪ್ಯೂಟರ್ ಇಟ್ಟಿರುವುದು ದನದ ಹಿಂಡಿಯ ಚೀಲ ಒಟ್ಟುವ ಕೋಣೆಯಲ್ಲಿ. ತಗಡಿನ ಮಾಡು. ಏಪ್ರಿಲ್ ಬಿಸಿಲು. ಮಡಿವಾಳಪ್ಪಣ್ಣ, ಡೈರೆಕ್ಟರುಗಳು, ನೋಡಲು ಬಂದವರು, ಎಲ್ಲ ಒಂದೇ ಫ್ಯಾನಿನ ಕೆಳಗೆ. ಹಾಲು ಹಾಕುವವರ ಹೆಸರುಗಳನ್ನು ಬರೆದು, ಸೇವ್ ಮಾಡಿ, ಪ್ರಿಂಟ್ ತೆಗೆಯಬೇಕು. ಮೊದಲು ಸವದತ್ತಿಯ ಹುಡುಗ ಕೂತ. ಅವನ ಮೌಸು ಅಲುಗಲೇ ಇಲ್ಲ. ಅದರ ಹೊಟ್ಟೆಯೊಳಗಿನ ಉಂಡೆಗೆ ಹಿಂಡಿಯ ಹುಡಿ ಮೆತ್ತಿಕೊಂಡಿತ್ತಂತೆ. ಬಿಚ್ಚಿದ, ಅಂಗಿಗೆ ಒರೆಸಿದ, ಊದಿದ, ಮತ್ತೆ ಹಾಕಿದ. ಬಹಳ ಹೊತ್ತು ಹಿಡಿಯಿತು. ಆದರೆ ಮುಗಿಸಿದ. ಒಂದೂ ತಪ್ಪಿಲ್ಲ.

ಆಮೇಲೆ ನಾನು. ಕೂತೆ. ಕೂತವಳು ಎದ್ದೆ. ಹೋಗಿ ಫ್ಯಾನ್ ಆರಿಸಿದೆ.

"ಯವ್ವಾ, ಫ್ಯಾನ್ ಯಾಕ ಆರಸ್ತೀ?" ಎಂದು ಮಡಿವಾಳಪ್ಪಣ್ಣ.

"ಪಾಠದಾಗ ಹಂಗ ಐತ್ರಿ."

"ಏ, ನಾವಿಲ್ಲಿ ಕುದ್ದ ಹೋಗ್ತೀವಿ, ಹಚ್ಚ!" ಎಂದು ಒಬ್ಬ ಡೈರೆಕ್ಟರು ಎದ್ದರು.

ನಾನು ಸ್ವಿಚ್ಚಿಗೆ ಅಡ್ಡ ನಿಂತೆ. ನನಗೇ ಬೆರಗಾಗುವಷ್ಟು ಗಟ್ಟಿಯಾಗಿ, "ಮುಗಿಯೂತನಾ ತಡೀರಿ. ಆ ಹುಡುಗ ಮೌಸ್ ತೊಳಿಯೂತನಾ ನೀವು ತಡದ್ರಿ" ಅಂದೆ. ಎಲ್ಲರೂ ಪಂಚೆಯ ತುದಿಯಿಂದ ಗಾಳಿ ಹಾಕಿಕೊಳ್ಳುತ್ತಾ ಕೂತರು.

ನಾನು ಮೌಸನ್ನು ಮುಟ್ಟಲಿಲ್ಲ. ಪಕ್ಕಕ್ಕೆ ಸರಿಸಿ ಇಟ್ಟೆ. ಕಂಟ್ರೋಲ್ ಹಿಡಿದು ಎನ್. ಹಾಳೆ ಬಂತು. ಚೇತನಾ, ಅದು ನಿಜವಾಗಿಯೂ ಬಂತು! ಮಣೆಯ ಮೇಲೆ ಎಷ್ಟು ಸಲ ಒತ್ತಿದ್ದೆ, ಏನೂ ಬಂದಿರಲಿಲ್ಲ. ಬರುತ್ತದೆ ಎಂದು ಅತ್ತೆ ಹೇಳುತ್ತಿದ್ದರು, ನಂಬಿದ್ದೆ. ಇಲ್ಲಿ ಕಣ್ಣೆದುರೇ ಬೆಳ್ಳಗೆ ಬಂದು ನಿಂತಿತು. ಬೆರಳು ತಾವೇ ನಡೆದವು. ಒಬ್ಬೊಬ್ಬರ ಹೆಸರೂ ಇಳಿಯಿತು. ಒಂದು ಕಡೆ ತಪ್ಪಿದೆ, ಕಂಟ್ರೋಲ್ ಹಿಡಿದು ಝಡ್ ಒತ್ತಿದೆ, ಅದು ಹಿಂದೆ ಬಂತು.

ಪಟ್ಟಿಯ ನಡುವೆ ನಿನ್ನ ಮಾಮಾನ ಹೆಸರಿತ್ತು.

ನನ್ನ ಕೈ ನಿಂತಿತು. ಮದುವೆಯಾದ ದಿನ ಎಲ್ಲರೂ ಕೇಳಿದಾಗ ಒಗಟಿನೊಳಗೆ ಕೂಡಿಸಿ ಹೇಳಿದ್ದು ಬಿಟ್ಟರೆ ಆ ಹೆಸರನ್ನು ನಾನು ಅಂದಿಲ್ಲ. ಅಲ್ಲಿ ಗಂಡಸರು, ಹಿರಿಯರು, ಹಿಂದೆಯೇ ನಿಂತು ಪರದೆಯನ್ನು ನೋಡುತ್ತಿದ್ದಾರೆ. ಅಕ್ಷರಕ್ಕೆ ಅಕ್ಷರ ಅವರೆದುರು ಅದನ್ನು ಒತ್ತುವುದು ಬಾಯಿಂದ ಅನ್ನುವುದಕ್ಕಿಂತ ಹೆಚ್ಚೇ ಅನ್ನಿಸಿತು. ಆ ಸಾಲನ್ನು ಖಾಲಿ ಬಿಟ್ಟು ಮುಂದೆ ಹೋದೆ. ಕಂಟ್ರೋಲ್ ಹಿಡಿದು ಎಸ್. ಕಂಟ್ರೋಲ್ ಹಿಡಿದು ಪಿ. ಪ್ರಿಂಟರು ಕಟಕಟ ಎಂದು ಹೊಡೆಯಿತು. ಹುಡುಗನಿಗಿಂತ ಬಹಳ ಬೇಗ ಮುಗಿಸಿದ್ದೆ.

ಮಡಿವಾಳಪ್ಪಣ್ಣ ಹಾಳೆ ಹಿಡಿದು ಓದಿದರು. "ಚೊಲೋ ಐತಿ. ಇಲ್ಲೊಂದ್ ಸಾಲು ಯಾಕ ಖಾಲಿ?" ಅಂದರು. ನಾನು ತಲೆ ತಗ್ಗಿಸಿದೆ. ಅವರಿಗೆ ತಿಳಿಯಿತು, ನಕ್ಕರು. ಆದರೆ ಆ ಹುಡುಗನ ಮಾವ, ಡೈರೆಕ್ಟರು, ನಗಲಿಲ್ಲ. "ಗಂಡನ ಹೆಸರ ಬರಿಯಾಕ ಬರದಾಕಿ ಅವ್ನ ಹಾಲಿನ ಲೆಕ್ಕಾ ಹೆಂಗ ಬರೀತಾಳ? ನಮ್ಮ ಹುಡುಗಂದು ಒಂದೂ ತಪ್ಪಿಲ್ಲ" ಅಂದರು. ಆ ಮಾತು ಸುಳ್ಳಲ್ಲ. ನಾಳೆ ಹೇಳುತ್ತೇವೆ ಎಂದು ಎಲ್ಲರೂ ಎದ್ದರು. ಏಳುವಾಗ ಮೊದಲು ಫ್ಯಾನ್ ಹಾಕಿದರು.

ಅತ್ತೆಗೆ ಬಂದು ಹೇಳಿದೆ. ಅವರು ಹೊರಸಿನಿಂದ ಕಾಲು ಕೆಳಗಿಟ್ಟರು. ಆಮೇಲೆ, "ಅಲ್ಲ ಮಳ್ಳಿ, ಬಾಯಿಲೆ ಅನ್ನಬಾರ್ದು ಅಂದಾರ. ಬೆರಳಿಗೆ ಯಾರ್ ಏನ್ ಅಂದಾರ? ಅವನ ಹೆಸರ ಇಟ್ಟಾಕಿ ನಾನು. ನಾ ಅನ್ನತೀನಿ, ನೀ ಒತ್ತು" ಎಂದು ಮಣೆ ತರಿಸಿದರು. ಅವರು ಒಂದೊಂದೇ ಅಕ್ಷರ ಅಂದರು. ನಾನು ಒತ್ತಿದೆ. ಮತ್ತೆ ಮತ್ತೆ ಒತ್ತಿಸಿದರು. ನಿನ್ನ ಮಾಮಾ ಹೊರಗಿನಿಂದ ಬಂದು, "ಯಾರ ನನ್ನ ಕರ್ಯಾಕತ್ತಾರ?" ಅಂದರು.

ನಾಳೆ ಅವರು ಕರೆಯಲಿ ಬಿಡಲಿ, ಬೆಳಿಗ್ಗೆ ಹಾಲು ಹಾಕಲು ನಾನೇ ಹೋಗುತ್ತೇನೆ.

ಶೈಲಾ

ಮಂಗಳವಾರ. ಬೆಳಿಗ್ಗೆ ನಡೆದದ್ದನ್ನು ಎಲ್ಲ ಗಟ್ಟಿಯಾದ ಮೇಲೆ ಬರೆಯುತ್ತೇನೆ. ಇದನ್ನು ಟಪ್ಪಾಲಿಗೆ ಹಾಕಲು ಹೋದರೆ ಅಂಚೆಯಣ್ಣ ನಿನ್ನ ಕಾರ್ಡು ಕೊಟ್ಟ. ಓದಿದೆ. ಅತ್ತೆಗೂ ಓದಿ ಹೇಳಿದೆ. ಅವರು ಒಪ್ಪುತ್ತಿಲ್ಲ. "ಆರಿಸಿದ್ದಕ್ಕ ಹಾಳಿ ಬಂತು" ಅನ್ನುತ್ತಾರೆ.


ಬಸರಗಟ್ಟಿ ಹಾಲಿನ ಸಂಘ
೯ ಮೇ ೨೦೦೭

ತಂಗಿ ಚೇತನಾಗೆ,

ಈ ಪತ್ರವನ್ನು ಟೈಪ್ ಮಾಡುತ್ತಿದ್ದೇನೆ. ಬೆಳಗಿನ ಹಾಲು ಹೋಗಿದೆ. ಸಂಜೆಯ ಹಾಲು ಬರುವವರೆಗೆ ಕೋಣೆಯಲ್ಲಿ ನಾನೊಬ್ಬಳೇ. ಕೆಲವು ಅಕ್ಷರ ಹೆಚ್ಚುಕಡಿಮೆ ಬಿದ್ದಿರಬಹುದು, ಸರಿಮಾಡಿಕೊಂಡು ಓದು.

ಆ ಮಂಗಳವಾರ ನಸುಕಿನಲ್ಲಿ ಕ್ಯಾನು ಹೊತ್ತು ಬಂದೆ. ಸಾಲು ಬಾಗಿಲಾಚೆಗೂ ನಿಂತಿತ್ತು. ಕೆಲಸ ಸವದತ್ತಿಯ ಹುಡುಗನಿಗೇ ಎಂದು ಹಿಂದಿನ ರಾತ್ರಿ ಡೈರೆಕ್ಟರುಗಳು ಮಾತಾಡಿಕೊಂಡಿದ್ದರಂತೆ. ಅವನಿಗೆ ಬರಲು ಹೇಳಿದ್ದರು. ಆದರೆ ಸವದತ್ತಿಯಿಂದ ಮೊದಲ ಬಸ್ಸು ನಮ್ಮೂರಿಗೆ ಬರುವ ಹೊತ್ತಿಗೆ ಹಾಲಿನ ವ್ಯಾನು ಹೊರಟು ಹೋಗಿರುತ್ತದೆ. ಇದನ್ನು ಯಾರೂ ಯೋಚಿಸಿರಲಿಲ್ಲ. ಅವನೂ ಯೋಚಿಸಿರಲಿಲ್ಲ, ಪಾಪ. ಮಡಿವಾಳಪ್ಪಣ್ಣ ಕಂಪ್ಯೂಟರನ್ನು ಒಮ್ಮೆ, ವ್ಯಾನಿನ ಡ್ರೈವರನ್ನು ಒಮ್ಮೆ ನೋಡುತ್ತಾ ನಿಂತಿದ್ದರು. ಹೆಂಗಸರು, "ಹಾಲ ಒಡದ ಹೋಗ್ತೈತಿ, ಯಾರರೆ ಬರ್ಕೊಳ್ರೋ!" ಎಂದು ಕೂಗುತ್ತಿದ್ದರು.

ನಾನು ಕ್ಯಾನು ಕೆಳಗಿಟ್ಟೆ. "ನಾ ಕೂಡ್ಲೇನ್ರಿ?" ಅಂದೆ. ಅವರು ಉತ್ತರ ಕೊಡುವ ಮೊದಲೇ ಕೂತಿದ್ದೆ.

ಎಲ್ಲರ ಹೆಸರು, ಎಲ್ಲರ ಹಾಲು. ಹಾಲು ಅಳೆಯುವವನು ಕೂಗಿದ, ನಾನು ಇಳಿಸಿದೆ. ನಮ್ಮ ಸರದಿ ಬಂದಾಗ ಅಳೆಯುವವನು ಹೆಸರು ಕೂಗಿ ನನ್ನ ಮುಖ ನೋಡಿದ. ಸಾಲಿನವರೆಲ್ಲ ಕತ್ತು ಚಾಚಿದರು. ನಾನು ಒತ್ತಿದೆ. ಬಾಳೇಶ. ನೋಡು, ಈಗ ನಿನಗೂ ಒತ್ತಿ ತೋರಿಸಿದೆ. ವ್ಯಾನು ಹಾರ್ನು ಹೊಡೆಯುವಷ್ಟರಲ್ಲಿ ಪಟ್ಟಿ ಡ್ರೈವರನ ಕೈಯಲ್ಲಿತ್ತು. ಸವದತ್ತಿ ಹುಡುಗನ ಮಾವ ಅದನ್ನು ಅವನ ಕೈಯಿಂದ ಇಸಿದುಕೊಂಡು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ನೋಡಿದರು. ಖಾಲಿ ಸಾಲು ಇರಲಿಲ್ಲ. ತಿರುಗಿ ಕೊಟ್ಟರು. ಸಂಜೆಯೂ ನಾನೇ ಬಂದೆ. ಮರುದಿನವೂ ನಾನೇ ಬಂದೆ. ಬರಬೇಡ ಎಂದು ಯಾರೂ ಹೇಳಲಿಲ್ಲ. ಬಾ ಎಂದು ಬಾಯಿಬಿಟ್ಟು ಹೇಳಿದ್ದು ನಿನ್ನೆಯ ಸಭೆಯಲ್ಲಿ.

ನೀನು ಗೋಕಾಕಿನ ಹುಡುಗಿಯ ಬಗ್ಗೆ ಬರೆದಿದ್ದೆಯಲ್ಲ. ಅವಳಿಗೆ ಇನ್ನು ತಡ ಮಾಡಬೇಡ. ಮೊದಲ ಪಾಠ ಅಳಿಸಿ ಹೋಗಿದೆ ಎಂದು ಚಿಂತೆಯಾದರೆ ನನ್ನ ಸಿಡಿ ಕಳಿಸುತ್ತೇನೆ. ಆದರೆ ನೀನು ಹೊಸದಾಗಿ ಹೇಳುವುದೇ ಒಳ್ಳೆಯದು. ಈ ಸಲ ನಿನ್ನೆದುರು ಕೂತು ಕೇಳುವವಳಿದ್ದಾಳೆ. ಶಟರ್ ಪೂರ್ತಿ ತೆರೆದೇ ಹೇಳು.

ಪತ್ರದ ಕೊನೆಗೆ ಹೆಸರಿನ ಕೆಳಗೆ ಏನು ಬರೆಯಬೇಕೆಂದು ಬೆಳಿಗ್ಗೆ ಮಡಿವಾಳಪ್ಪಣ್ಣನನ್ನು ಕೇಳಿದ್ದೆ. ನನ್ನ ತಂಗಿಗೆ ಬರೆಯುವುದು ಎಂದು ಹೇಳಲಿಲ್ಲ. ಅವರು ಹೇಳಿದಂತೆ ಬರೆದಿದ್ದೇನೆ. ಹೊರಗೆ ಕ್ಯಾನುಗಳ ಸದ್ದು ಆಗುತ್ತಿದೆ, ಹಾಲಿನವರು ಬಂದರು.

ಶೈಲಾ
ಆಪರೇಟರ್